ಹಳೇ ಜೀಪಿನ ಸೆಲ್ಫ್ ಕೈಕೊಟ್ಟಾಗ

ಮಲೆನಾಡಿನ ಕಾಫಿ ತೋಟಗಳ ಕಡೆ ಹಳೇ ಜೀಪು ನಿಂತಿರುವ ಜಾಗ ನೋಡಿದರೆ ಸಾಕು, ಅದರ ಸೆಲ್ಫ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಅಂಗಳದಲ್ಲಿ ಸಮತಟ್ಟು ಜಾಗ ಎಷ್ಟೇ ಇರಲಿ, ಸೆಲ್ಫ್ ಇಲ್ಲದ ಜೀಪು ನಿಲ್ಲುವುದು ಇಳಿಜಾರಿನ ತಲೆಯಲ್ಲಿ. ಮುಂದಿನ ಚಕ್ರಕ್ಕೆ ಒಂದು ಕಲ್ಲು ಒತ್ತು ಕೊಟ್ಟಿರುತ್ತಾರೆ. ಬೆಳಗ್ಗೆ ಡ್ರೈವರ್ ಹತ್ತಿ ಕೂತ ಮೇಲೆ ಯಾರಾದರೊಬ್ಬರು ಕಲ್ಲು ಸರಿಸುತ್ತಾರೆ. ಜೀಪು ಸದ್ದಿಲ್ಲದೆ ಉರುಳಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಒಮ್ಮೆ ಜಗ್ಗಿ, ಕೆಮ್ಮಿ, ಹೊಗೆ ಬಿಟ್ಟು ಹೊರಡುತ್ತದೆ. ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆಯ ಸಂತೆಗೆ ಹೋದರೆ ಅಲ್ಲಿಯೂ ಇಳಿಜಾರೇ ಹುಡುಕಬೇಕು. ಸಿಗಲಿಲ್ಲವೋ, ಸಾಮಾನು ಕೊಳ್ಳುವಷ್ಟು ಹೊತ್ತೂ ಎಂಜಿನ್ ಆಫ್ ಮಾಡುವ ಹಾಗಿಲ್ಲ.

ಹೀಗೆ ವರ್ಷಗಟ್ಟಲೆ ಓಡಿದ ಗಾಡಿಗಳಿವೆ. ಕೇಳಿದರೆ ಒಂದೇ ಉತ್ತರ: ‘ಸೆಲ್ಫ್ ಹೋಗಿದೆ.’ ಎಂಜಿನ್ನಿಗೆ ಮೊದಲ ಸುತ್ತು ಕೊಡುವ ಸ್ಟಾರ್ಟರ್ ಮೋಟರಿಗೆ ನಮ್ಮಲ್ಲಿ ಎಲ್ಲರೂ ಸೆಲ್ಫ್ ಎನ್ನುತ್ತಾರೆ. ಹೋಗಿದೆ ಎಂದು ತೀರ್ಪಾದ ಮೋಟರನ್ನು ಬಿಚ್ಚಿ ಮೇಜಿನ ಮೇಲಿಟ್ಟು ನೋಡಿದರೆ ಮಾತ್ರ ಕಥೆ ಬೇರೆಯೇ ಇರುತ್ತದೆ. ಬಹಳ ಸಲ ಅದು ಹೋಗಿರುವುದೇ ಇಲ್ಲ. ಬ್ಯಾಟರಿ, ಕೇಬಲ್, ಅರ್ಥ್ (ಗಾಡಿಯ ಮೈಯ ಮೂಲಕ ಕರೆಂಟು ಬ್ಯಾಟರಿಗೆ ವಾಪಸಾಗುವ ದಾರಿ), ಕಾರ್ಬ್ಯುರೇಟರ್ ಮಾಡಿದ ತಪ್ಪನ್ನೆಲ್ಲ ಅದು ತನ್ನ ಮೈಮೇಲೆ ಹೊತ್ತಿರುತ್ತದೆ. ಹಳೆಯ ಗಾಡಿ ಇಟ್ಟುಕೊಂಡವರು ಹೊಸ ಸೆಲ್ಫಿಗೆ ದುಡ್ಡು ತೆಗೆಯುವ ಮುನ್ನ ಇದನ್ನು ತಿಳಿದಿರಬೇಕು.

ಹ್ಯಾಂಡಲ್ ಹೊಡೆಯುತ್ತಿದ್ದ ಕಾಲ

ಪೆಟ್ರೋಲ್ ಎಂಜಿನ್ ತಾನಾಗಿ ಶುರುವಾಗಲಾರದು. ಪಿಸ್ಟನ್ ಒಮ್ಮೆ ಕೆಳಗಿಳಿದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಎಳೆದುಕೊಂಡು, ಮೇಲೇರುತ್ತ ಅದನ್ನು ಒತ್ತಿದ ಮೇಲಷ್ಟೇ ಕಿಡಿಗೆ ಕೆಲಸ. ಆ ಮೊದಲ ಸುತ್ತನ್ನು ಹೊರಗಿನಿಂದ ಯಾರಾದರೂ ತಿರುಗಿಸಿ ಕೊಡಬೇಕು. ಮೋಟಾರು ಕಾರಿನ ಆರಂಭದ ವರ್ಷಗಳಲ್ಲಿ ಆ ಕೆಲಸ ಮಾಡಿದ್ದು ಮನುಷ್ಯನ ತೋಳು.

ಹ್ಯಾಂಡಲ್ ಹೊಡೆಯುವುದಕ್ಕೆ ಬಲದಷ್ಟೇ ಎಚ್ಚರವೂ ಬೇಕಿತ್ತು. ಕಿಡಿ ಸ್ವಲ್ಪ ಮುಂಚೆ ಬಿದ್ದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಹ್ಯಾಂಡಲ್ ತಿರುಗಿ ಬಂದು ಮಣಿಕಟ್ಟು ಮುರಿಯುತ್ತದೆ. ಮುಂಗೈ ಮೂಳೆಯ ತುದಿಯಲ್ಲಿ ಆಗುವ ಒಂದು ಬಗೆಯ ಮುರಿತಕ್ಕೆ ಮೂಳೆ ವೈದ್ಯರು ಈಗಲೂ ‘ಶೋಫರ್ಸ್ ಫ್ರ್ಯಾಕ್ಚರ್’ ಎನ್ನುತ್ತಾರೆ. ಹಳೆಯ ಡ್ರೈವರ್‌ಗಳು ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಂಡು, ಕೆಳಗಿನಿಂದ ಮೇಲಕ್ಕೆ ಎಳೆಯುತ್ತಿದ್ದುದು ಇದಕ್ಕೇ. ಮೇಲಿನಿಂದ ಕೆಳಕ್ಕೆ ಒತ್ತುವಾಗ ಒದ್ದರೆ ಕೈ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಅಮೆರಿಕದ ಕ್ಯಾಡಿಲ್ಯಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೀಲ್ಯಾಂಡ್ ಅವರ ಪರಿಚಿತರೊಬ್ಬರು ದಾರಿಯಲ್ಲಿ ನಿಂತುಹೋಗಿದ್ದ ಕಾರಿಗೆ ಹ್ಯಾಂಡಲ್ ಹೊಡೆಯಲು ಹೋಗಿ ಪೆಟ್ಟು ತಿಂದು, ಮುಂದೆ ತೀರಿಕೊಂಡರು; ಅದರಿಂದ ನೊಂದ ಲೀಲ್ಯಾಂಡ್ ವಿದ್ಯುತ್ ಸ್ಟಾರ್ಟರಿನ ಬೆನ್ನು ಹತ್ತಿದರು ಎಂಬ ಕಥೆ ಮೋಟಾರು ಲೋಕದಲ್ಲಿ ಬಹಳ ಪ್ರಚಲಿತ. ಆ ಕೆಲಸವನ್ನು ಮಾಡಿಕೊಟ್ಟವರು ಓಹಾಯೊ ರಾಜ್ಯದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್. 1912ರ ಮಾದರಿಯ ಕ್ಯಾಡಿಲ್ಯಾಕ್ ಕಾರುಗಳು ವಿದ್ಯುತ್ ಸ್ಟಾರ್ಟರಿನೊಂದಿಗೆ ಮಾರುಕಟ್ಟೆಗೆ ಬಂದವು.

ಎಂಜಿನ್ ತಿರುಗಿಸುವಷ್ಟು ಬಲದ ಮೋಟರ್ ಮಾಡಬೇಕಾದರೆ ಅದು ಕಾರಿನಲ್ಲಿ ಹಿಡಿಸಲಾರದಷ್ಟು ದೊಡ್ಡದಾಗುತ್ತದೆ ಎಂಬುದು ಆಗಿನ ತಿಳಿದವರ ವಾದವಾಗಿತ್ತು. ಕೆಟರಿಂಗ್ ಅದಕ್ಕೂ ಮೊದಲು ಅಂಗಡಿಗಳ ಕ್ಯಾಷ್ ರಿಜಿಸ್ಟರಿಗೆ ವಿದ್ಯುತ್ ಮೋಟರ್ ಜೋಡಿಸಿದ್ದವರು. ಗಲ್ಲಾಪೆಟ್ಟಿಗೆಯ ಮೋಟರ್ ದಿನವಿಡೀ ಓಡಬೇಕಿಲ್ಲ, ಕ್ಷಣಕಾಲ ತಿರುಗಿ ನಿಂತರಾಯಿತು ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಕೆಲವೇ ಸೆಕೆಂಡು ಓಡುವುದಾದರೆ ಚಿಕ್ಕ ಮೋಟರಿನ ಮೇಲೂ ಅದರ ಯೋಗ್ಯತೆಗೆ ಮೀರಿದ ಹೊರೆ ಹಾಕಬಹುದು. ಬಿಸಿಯೇರಿ ಸುಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇಂದಿನವರೆಗೂ ಪ್ರತಿಯೊಂದು ಸೆಲ್ಫ್ ನಿಂತಿರುವುದು ಈ ಲೆಕ್ಕದ ಮೇಲೆ. ಸೆಲ್ಫ್ ಸುಟ್ಟುಹೋಗುವುದೂ ಈ ಲೆಕ್ಕ ಮರೆತಾಗಲೇ.

ಎರಡನೆಯ ಮಹಾಯುದ್ಧಕ್ಕೆಂದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಅವುಗಳಲ್ಲಿ 6 ವೋಲ್ಟಿನ ಬ್ಯಾಟರಿ, ಕಾಲಿನಿಂದ ಒತ್ತುವ ಸ್ಟಾರ್ಟರ್ ಸ್ವಿಚ್ಚು. ಹಾಗಿದ್ದೂ ಬಂಪರಿನಲ್ಲಿ ಹ್ಯಾಂಡಲ್ ತೂರಿಸಲು ತೂತು ಉಳಿಸಿಕೊಂಡಿದ್ದರು. ಸ್ವಾತಂತ್ರ್ಯದ ನಂತರ ನಮ್ಮಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಕಾಡುದಾರಿಗೆ, ಕೆಸರಿಗೆ, ಗೊಬ್ಬರದ ಚೀಲ ಹೊರುವುದಕ್ಕೆ ಅದಕ್ಕಿಂತ ಒಳ್ಳೆಯ ಗಾಡಿ ಮಲೆನಾಡಿಗೆ ಆಗ ಇರಲಿಲ್ಲ. ಆ ಜೀಪುಗಳಲ್ಲಿ ಕೆಲವು ಇಂದಿಗೂ ತೋಟಗಳಲ್ಲಿವೆ.

ಡಬ್ಬಿಯೊಳಗೆ ಏನಿದೆ

ಏಳೆಂಟು ಕಿಲೊ ತೂಗುವ ಉಕ್ಕಿನ ಡಬ್ಬಿ. ಅದರ ಒಳಗೋಡೆಗೆ ನಾಲ್ಕು ಫೀಲ್ಡ್ ಕಾಯಿಲ್, ನಡುವೆ ತಿರುಗುವ ಆರ್ಮೇಚರ್. ಆರ್ಮೇಚರಿನ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳ ಕಮ್ಯುಟೇಟರ್, ಅದರ ಮೇಲೆ ಸ್ಪ್ರಿಂಗಿನಿಂದ ಒತ್ತಿ ಕೂತ ಕಾರ್ಬನ್‌ಗಳು. ಎರಡು ತುದಿಗೂ ಕಂಚಿನ ಬುಷ್. ಇನ್ನೊಂದು ತುದಿಯಲ್ಲಿ ಬೆಂಡಿಕ್ಸ್. ಇಷ್ಟೇ ಸಾಮಾನು.

ಕರೆಂಟು ಮೊದಲು ಫೀಲ್ಡ್ ಕಾಯಿಲ್ ಹಾದು, ಅಲ್ಲಿಂದಲೇ ಆರ್ಮೇಚರಿಗೆ ಹೋಗುತ್ತದೆ. ಒಂದೇ ಕರೆಂಟು ಎರಡೂ ಕಡೆ ಅಯಸ್ಕಾಂತ ಎಬ್ಬಿಸುವುದರಿಂದ ನಿಂತಲ್ಲಿಂದ ಕದಲುವ ಗಳಿಗೆಯಲ್ಲೇ ಇಂಥ ಮೋಟರಿನ ತಿರುಚುಬಲ ಅತಿ ಹೆಚ್ಚು. ಎಂಜಿನ್ನಿಗೆ ಬೇಕಾದದ್ದೂ ಅದೇ. ಆ ಬಲಕ್ಕೆ ಬೆಲೆ ಕರೆಂಟಿನಲ್ಲಿ ತೆರಬೇಕು. ಮನೆಯ ಇಸ್ತ್ರಿ ಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪಿಯರ್. 12 ವೋಲ್ಟಿನ ಹಳೆಯ ಕಾರಿನ ಸೆಲ್ಫ್ ಎಂಜಿನ್ ತಿರುಗಿಸುವಾಗ 150–250 ಆಂಪಿಯರ್ ಎಳೆಯುತ್ತದೆ, ಕದಲುವ ಮೊದಲ ಕ್ಷಣದಲ್ಲಿ 400ನ್ನೂ ದಾಟಬಹುದು. ಅಷ್ಟೇ ಬಲಕ್ಕೆ 6 ವೋಲ್ಟಿನ ಜೀಪಿನಲ್ಲಿ ಕರೆಂಟು ಇದರ ಎರಡರಷ್ಟು ಬೇಕು.

ಬೆಂಡಿಕ್ಸ್ ಎಂಬುದು ವಿನ್ಸೆಂಟ್ ಬೆಂಡಿಕ್ಸ್ ಎಂಬ ಅಮೆರಿಕನ್ನನ ಹೆಸರಿನಿಂದ ಬಂದ ಭಾಗ. ಮೋಟರಿನ ಚಿಕ್ಕ ಪಿನಿಯನ್ನು ಎಂಜಿನ್ನಿನ ಫ್ಲೈವ್ಹೀಲಿನ ಸುತ್ತ ಇರುವ ದೊಡ್ಡ ಹಲ್ಲಿನ ಬಳೆಗೆ, ಅಂದರೆ ರಿಂಗ್ ಗೇರಿಗೆ, ಕಚ್ಚಿಕೊಳ್ಳಬೇಕು; ಎಂಜಿನ್ ಹತ್ತಿಕೊಂಡ ಕೂಡಲೇ ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳದಿದ್ದರೆ ದೊಡ್ಡ ಅನಾಹುತ. ರಿಂಗ್ ಗೇರಿಗೂ ಪಿನಿಯನ್ನಿಗೂ ಹತ್ತಕ್ಕೆ ಒಂದರಂತೆ, ಕೆಲವು ಗಾಡಿಗಳಲ್ಲಿ ಇನ್ನೂ ಹೆಚ್ಚು, ಹಲ್ಲಿನ ವ್ಯತ್ಯಾಸವಿದೆ. ಎಂಜಿನ್ ನಿಮಿಷಕ್ಕೆ 1,000 ಸುತ್ತು ಹಾಕಿದರೆ ಅದಕ್ಕೆ ಸಿಕ್ಕಿಕೊಂಡ ಆರ್ಮೇಚರ್ 10,000 ಸುತ್ತು ಹಾಕಬೇಕಾಗುತ್ತದೆ. ಒಳಗಿನ ತಂತಿಯೆಲ್ಲ ಕಿತ್ತು ಹೊರಬೀಳುವ ವೇಗ ಅದು.

ಬೆಂಡಿಕ್ಸ್ ಇದಕ್ಕೆ ಕಂಡುಕೊಂಡ ದಾರಿ ಬಹಳ ಸೊಗಸಾದದ್ದು. ಪಿನಿಯನ್ನು ಕೂತಿರುವುದು ಸ್ಕ್ರೂವಿನಂತೆ ಮರೆ ಕೊರೆದ ಒಂದು ತೋಳಿನ ಮೇಲೆ. ಮೋಟರ್ ಫಕ್ಕನೆ ತಿರುಗಿದಾಗ ಪಿನಿಯನ್ನು ತನ್ನ ತೂಕಕ್ಕೆ ಹಿಂದುಳಿಯುತ್ತದೆ. ಹಾಗೆ ಹಿಂದುಳಿದದ್ದು ಬೋಲ್ಟಿನ ಮೇಲೆ ನಟ್ಟು ಓಡುವಂತೆ ಮುಂದೆ ಓಡಿ ರಿಂಗ್ ಗೇರಿಗೆ ಕಚ್ಚುತ್ತದೆ. ಕಚ್ಚಿದ ಏಟನ್ನು ಒಂದು ದಪ್ಪ ಸ್ಪ್ರಿಂಗ್ ತಡೆದುಕೊಳ್ಳುತ್ತದೆ. ಎಂಜಿನ್ ಹತ್ತಿಕೊಂಡು ಪಿನಿಯನ್ನನ್ನೇ ಜೋರಾಗಿ ತಿರುಗಿಸತೊಡಗಿದಾಗ ಅದೇ ಮರೆ ಅದನ್ನು ಹಿಂದಕ್ಕೆ ಓಡಿಸುತ್ತದೆ. ಲಿವರಿಲ್ಲ, ಅಯಸ್ಕಾಂತವಿಲ್ಲ, ಡ್ರೈವರನ ಕೈ ಬೇಕಿಲ್ಲ. ಈಗಿನ ಕಾರುಗಳಲ್ಲಿ ಈ ಕೆಲಸಕ್ಕೆ ಸೊಲೆನಾಯ್ಡ್ ಇದೆ. ಅದು ಪಿನಿಯನ್ನನ್ನು ಮೊದಲು ಕಚ್ಚಿಸಿ ಆಮೇಲೆ ಮೋಟರಿಗೆ ಕರೆಂಟು ಬಿಡುತ್ತದೆ. ಅದು ಮೃದುವಾದ ವ್ಯವಸ್ಥೆ, ನಿಜ. ಆದರೂ ಬೆಂಡಿಕ್ಸನ್ನು ಬಿಚ್ಚಿ ಕೈಯಲ್ಲಿ ತಿರುಗಿಸಿ ನೋಡಿದವರಿಗೆ ಅದರ ಮೇಲೆ ಗೌರವ ಹುಟ್ಟದೆ ಇರದು.

ಸದ್ದು ಹೇಳುವ ಸುದ್ದಿ

ಅನುಭವಿ ಆಟೊ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತುವ ಮೊದಲು ಒಮ್ಮೆ ಸೆಲ್ಫ್ ಹೊಡೆಸಿ ಕಿವಿಗೊಟ್ಟು ಕೇಳುತ್ತಾರೆ. ಝುಯ್ಯೆಂದು ಮೋಟರ್ ಬರಿದೇ ಓಡಿ ಎಂಜಿನ್ ಕದಲದಿದ್ದರೆ ಬೆಂಡಿಕ್ಸ್ ಕೊಳೆಯಲ್ಲಿ ಅಂಟಿಕೊಂಡಿದೆ, ಇಲ್ಲವೇ ಅದರ ಸ್ಪ್ರಿಂಗ್ ಮುರಿದಿದೆ. ‘ಟಕ್’ ಎಂದು ಒಂದೇ ಏಟು ಕೊಟ್ಟು ಸುಮ್ಮನಾದರೆ ಪಿನಿಯನ್ನು ರಿಂಗ್ ಗೇರಿನಲ್ಲಿ ಸಿಕ್ಕಿಕೊಂಡಿರಬಹುದು. ಗರಗರ ಅರೆದರೆ ಹಲ್ಲು ಸವೆದಿದೆ. ರಿಲೇ ಇರುವ ಗಾಡಿಯಲ್ಲಿ ಟಿಕ್‌ಟಿಕ್‌ಟಿಕ್ ಎಂದು ಬಡಿದುಕೊಂಡರೆ ಬ್ಯಾಟರಿ ಇಳಿದಿದೆ. ಊಂ... ಊಂ... ಎಂದು ನರಳುತ್ತ ತಿರುಗಿದರೆ ಮಾತ್ರ ತೀರ್ಪು ಕೊಡಲು ಅವಸರ ಬೇಡ.

ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆಯುವುದು ಹಳೆಯ ಉಪಾಯ, ಈಗಲೂ ಒಳ್ಳೆಯದೇ. ದೀಪ ಪೂರ್ತಿ ಆರಿಹೋದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್. ದೀಪ ಮೊದಲಿನಷ್ಟೇ ಬೆಳಗುತ್ತಿದ್ದರೆ ಕರೆಂಟು ಮೋಟರಿಗೆ ಹೋಗಿಯೇ ಇಲ್ಲ. ಸ್ವಿಚ್ಚು, ಕೇಬಲ್ ಅಥವಾ ಸವೆದ ಕಾರ್ಬನ್ ನೋಡಬೇಕು. ದೀಪ ತೀರ ಮಂದವಾಗಿ ಮೋಟರ್ ತಿರುಗದಿದ್ದರೆ ಎಲ್ಲೋ ಬಿಗಿದಿದೆ.

‘ಸೆಲ್ಫ್ ಹೋಗಿದೆ, ಬೇರೆ ಹಾಕಿಬಿಡಿ’ ಎಂದವರಿಗೆ ‘ಸ್ವಲ್ಪ ತಡೀರಿ ಗೌಡ್ರೆ, ಅರ್ಥ್ ನೋಡೋಣ’ ಎನ್ನುವ ಎಲೆಕ್ಟ್ರಿಷಿಯನ್ ಸಿಕ್ಕಿದರೆ ಅವರನ್ನು ಬಿಡಬಾರದು. 200 ಆಂಪಿಯರ್ ಹರಿಯುವ ದಾರಿಯಲ್ಲಿ ಒಂದು ಓಮ್‌ನ ನೂರನೆಯ ಒಂದು ಭಾಗದಷ್ಟು ಅಡ್ಡಿ ಬಂದರೂ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಟರ್ಮಿನಲ್ ಮೇಲಿನ ಹಸಿರು ಕಿಲುಬು ಸಾಕು ಅಷ್ಟು ಅಡ್ಡಿಗೆ. 6 ವೋಲ್ಟಿನ ಗಾಡಿಯಲ್ಲಿ 2 ವೋಲ್ಟ್ ಹೋದರೆ ಉಳಿಯುವುದೇನು?

ಇದನ್ನು ಅಳೆಯಲು ಸಾಮಾನ್ಯ ಮಲ್ಟಿಮೀಟರ್ ಸಾಕು. ಇಗ್ನಿಷನ್ ಕಾಯಿಲಿನ ತಂತಿ ತೆಗೆದಿಟ್ಟು ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ಕಂಬಕ್ಕೂ ಇನ್ನೊಂದನ್ನು ಸೆಲ್ಫಿನ ಮೈಗೂ ಮುಟ್ಟಿಸಬೇಕು. ಮೀಟರ್ ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟ್ ದಾಟಿತೋ, ಆ ದಾರಿಯಲ್ಲಿ ಎಲ್ಲೋ ಕಳ್ಳನಿದ್ದಾನೆ. ಒಂದೊಂದೇ ಜೋಡಣೆ ದಾಟುತ್ತ ಕಡ್ಡಿ ಸರಿಸಿದರೆ ಸಿಕ್ಕಿಬೀಳುತ್ತಾನೆ. ಲೈವ್ ಕೇಬಲಿಗೂ ಇದೇ ಪರೀಕ್ಷೆ.

ಹೊಸದಾಗಿ ಪೇಂಟ್ ಮಾಡಿಸಿ ತಂದ ಗಾಡಿಗಳಲ್ಲಿ ಈ ತೊಂದರೆ ಹೆಚ್ಚು. ಚಾಸಿಗೆ, ಎಂಜಿನ್ನಿಗೆ, ಬ್ರಾಕೆಟ್ಟಿಗೆ ಎಲ್ಲಕ್ಕೂ ಚೆಂದವಾಗಿ ಬಣ್ಣ ಹೊಡೆದಿರುತ್ತಾರೆ. ಅರ್ಥ್ ಬೋಲ್ಟ್ ಬಣ್ಣದ ಮೇಲೆಯೇ ಕೂತಿರುತ್ತದೆ. ಎಂಜಿನ್ ನಿಂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಹಾಗಾಗಿ ಎಂಜಿನ್ನಿನಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿಯೊಂದು ಇರಲೇಬೇಕು. ಜೋಡಿಸುವಾಗ ಅದನ್ನು ಮರೆತರೆ ಸೆಲ್ಫಿನ ಕರೆಂಟು ವಾಪಸಾಗಲು ಬೇರೆ ದಾರಿ ಹುಡುಕುತ್ತದೆ. ಚೋಕ್ ಕೇಬಲ್ ಅಥವಾ ಆ್ಯಕ್ಸಿಲರೇಟರಿನ ತಂತಿ ಆ ದಾರಿಯಾಗಿಬಿಡುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲಿನಿಂದ ಹೊಗೆ ಎದ್ದರೆ ಗಾಬರಿಯಾಗಬೇಕಿಲ್ಲ, ಕೂಡಲೇ ನಿಲ್ಲಿಸಿ ಆ ಪಟ್ಟಿ ಎಲ್ಲಿ ಹೋಯಿತೆಂದು ನೋಡಿದರಾಯಿತು.

ಬಿಚ್ಚಿದ ಮೇಲೆ

ಹೊರಗಿನ ದಾರಿ ಎಲ್ಲ ಸರಿಯಿದ್ದೂ ಮೋಟರ್ ಸೋತರೆ ಇಳಿಸಲೇಬೇಕು. ಮೊದಲು ಬ್ಯಾಟರಿಯ ಅರ್ಥ್ ಕೇಬಲ್ ತೆಗೆಯಬೇಕು. ಸ್ಪ್ಯಾನರ್ ಜಾರಿ ಲೈವ್ ಟರ್ಮಿನಲಿಗೂ ಚಾಸಿಗೂ ತಾಗಿದರೆ ಏಳುವ ಕಿಡಿ ಸಣ್ಣದಲ್ಲ, ಬ್ಯಾಟರಿಯಿಂದ ಹೊರಬರುವ ಜಲಜನಕಕ್ಕೆ ಅದು ತಗುಲಿದರೆ ಬ್ಯಾಟರಿಯೇ ಸಿಡಿಯಬಹುದು.

ಬಿಚ್ಚುವುದಕ್ಕೆ ಮುಂಚೆಯೇ ನೋಡಬಹುದಾದದ್ದೊಂದಿದೆ. ಲ್ಯೂಕಸ್ ಕಂಪನಿಯ ಹಳೆಯ ಸೆಲ್ಫ್‌ಗಳಲ್ಲಿ ಹಿಂಭಾಗಕ್ಕೆ ತಗಡಿನ ಪಟ್ಟಿ ಸುತ್ತಿರುತ್ತದೆ. ಅದನ್ನು ಸರಿಸಿದರೆ ಕಾರ್ಬನ್‌ಗಳು ಕಾಣುತ್ತವೆ. ಉದ್ದ 8 ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸಬೇಕು. ಉದ್ದವಿದ್ದೂ ತಮ್ಮ ಗೂಡಿನಲ್ಲಿ ಬಿಗಿದುಕೊಂಡಿದ್ದರೆ ಕಮ್ಯುಟೇಟರನ್ನು ಮುಟ್ಟುವುದಿಲ್ಲ. ತೆಗೆದು ಒರೆಸಿ ಬದಿಗಳನ್ನು ಒಂದಿಷ್ಟು ತಿಕ್ಕಿದರೆ ಸರಿಹೋಗುತ್ತದೆ. ಇಂಥ ಸಣ್ಣ ಕಾರಣಕ್ಕೆ ಗುಜರಿಗೆ ಹೋದ ಸೆಲ್ಫ್‌ಗಳು ಲೆಕ್ಕವಿಲ್ಲದಷ್ಟು.

ಉದ್ದದ ಎರಡು ಬೋಲ್ಟ್ ತೆಗೆದರೆ ಮೋಟರ್ ಮೂರು ಭಾಗವಾಗಿ ಬಿಚ್ಚಿಕೊಳ್ಳುತ್ತದೆ. ಆರ್ಮೇಚರ್ ಹೊರತೆಗೆದು ಅದರ ಕಬ್ಬಿಣದ ಮೈಯನ್ನು ಬೆಳಕಿಗೆ ಹಿಡಿಯಿರಿ. ಒಂದು ಕಡೆ ಮಿರಮಿರನೆ ಉಜ್ಜಿದ ಗುರುತಿದ್ದರೆ ಅದು ತಿರುಗುವಾಗ ಗೋಡೆಯ ಕಬ್ಬಿಣಕ್ಕೆ ಸವರುತ್ತಿದೆ. ಬುಷ್ ಸವೆದು ಆರ್ಮೇಚರ್ ಒಂದು ಪಕ್ಕಕ್ಕೆ ವಾಲಿದೆ. ನರಳುತ್ತ ತಿರುಗುವ ಸೆಲ್ಫ್‌ಗಳಲ್ಲಿ ಇದು ಸಾಮಾನ್ಯ.

ಬುಷ್ ದೊಡ್ಡ ಸಾಮಾನಲ್ಲ, ಆದರೂ ಅದನ್ನು ಹಾಕುವುದಕ್ಕೆ ಕ್ರಮವಿದೆ. ಅದರ ಕಂಚು ಗಟ್ಟಿ ಎರಕವಲ್ಲ. ಪುಡಿಯನ್ನು ಒತ್ತಿ ಕಾಸಿ ಮಾಡಿದ್ದು, ಕಣ್ಣಿಗೆ ಕಾಣದ ರಂಧ್ರಗಳಿಂದ ತುಂಬಿದ್ದು. ಕೂರಿಸುವ ಮೊದಲು ಶುದ್ಧ ಎಂಜಿನ್ ಆಯಿಲಿನಲ್ಲಿ 24 ಗಂಟೆ ನೆನೆಸಿಡಬೇಕು. ಆ ಎಣ್ಣೆಯೇ ಮುಂದಿನ ವರ್ಷಗಳಿಗೆಲ್ಲ ಬುತ್ತಿ. ಬಿಗಿಯಾಯಿತೆಂದು ಒಳಗೆ ರೀಮರ್ ಹಾಕಿ ತೂತು ಅಗಲಿಸಿದರೆ ರಂಧ್ರಗಳು ಮುಚ್ಚಿಹೋಗಿ ಎಣ್ಣೆ ಹೊರಬರುವುದಿಲ್ಲ. ಅವಸರದ ಕೈಗಳು ತಪ್ಪುವುದು ಇಲ್ಲೇ.

ಕಮ್ಯುಟೇಟರಿನ ವಿಷಯದಲ್ಲೂ ಅಷ್ಟೆ. ಕಪ್ಪಾಗಿದ್ದರೆ ಪೆಟ್ರೋಲಿನ ಬಟ್ಟೆಯಿಂದ ಒರೆಸಿ, ನಯವಾದ ಗಾಜಿನ ಕಾಗದದಿಂದ ತಿಕ್ಕಬೇಕು. ಎಮರಿ ಕಾಗದ ಬೇಡ, ಅದರ ಗಟ್ಟಿ ಹರಳುಗಳು ತಾಮ್ರದಲ್ಲಿ ಹೂತುಕೊಂಡು ಕಾರ್ಬನ್ನನ್ನು ತಿನ್ನುತ್ತವೆ. ಗೀರು ಆಳವಿದ್ದರೆ ಲೇಥಿಗೆ ಹಾಕಿ ತೆಳ್ಳಗೆ ಒಂದು ಪದರ ತೆಗೆಸಬೇಕು. ಡೈನಮೊ ಕೆಲಸ ಮಾಡಿ ರೂಢಿಯಾದವರು ಇದಾದ ಮೇಲೆ ತಾಮ್ರದ ಪಟ್ಟಿಗಳ ನಡುವಿನ ನಿರೋಧಕವನ್ನೂ ಗರಗಸದಿಂದ ಕೆತ್ತಿಬಿಡುತ್ತಾರೆ. ಡೈನಮೊಗೆ ಅದು ಸರಿ. ಲ್ಯೂಕಸ್ ಸೆಲ್ಫ್‌ಗೆ ಹಾಗೆ ಕೆತ್ತಬಾರದೆಂದು ಆ ಕಂಪನಿಯ ಕೈಪಿಡಿಗಳೇ ಹೇಳುತ್ತವೆ. ಅಮೆರಿಕದ ಕೆಲವು ಮೋಟರ್‌ಗಳಿಗೆ ಕೆತ್ತಲೇಬೇಕು. ಯಾವ ಗಾಡಿಯೋ ಅದರ ಪುಸ್ತಕ ಎದುರಿಗಿಟ್ಟುಕೊಂಡು ಕೆಲಸ ಮಾಡಿಸುವುದು ಕ್ಷೇಮ.

ಡಬ್ಬಿಯ ಒಳಗೋಡೆಗೆ ಬೆಳ್ಳಿ ಬಣ್ಣದ ಹನಿಗಳು ಸಿಡಿದು ಅಂಟಿದ್ದರೆ ಅದು ಸೀಸದ ಬೆಸುಗೆ. ಕಮ್ಯುಟೇಟರಿಗೆ ತಂತಿ ಹಿಡಿದಿಟ್ಟಿದ್ದ ಬೆಸುಗೆ ಬಿಸಿಗೆ ಕರಗಿ, ತಿರುಗುವ ರಭಸಕ್ಕೆ ಹಾರಿದೆ. ಯಾರೋ ನಿಮಿಷಗಟ್ಟಲೆ ಸೆಲ್ಫ್ ಹೊಡೆದಿದ್ದಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬೆಸುಗೆ ಮತ್ತೆ ಹಾಕಿಸಬಹುದು, ವೈಂಡಿಂಗ್ ಸುಟ್ಟಿದ್ದರೆ ಸುತ್ತಿಸಬಹುದು. ಆದರೆ ನಿಮಿಷಗಟ್ಟಲೆ ಹೊಡೆಯುವ ಪ್ರಸಂಗ ಯಾಕೆ ಬಂತು ಎಂದು ಕೇಳಿಕೊಳ್ಳದೆ ಅದೇ ಮೋಟರನ್ನು ಗಾಡಿಗೆ ಏರಿಸಿದರೆ ಮತ್ತೆ ಅದೇ ಪಾಡು. ಪಾಯಿಂಟ್, ಪ್ಲಗ್, ಕಾರ್ಬ್ಯುರೇಟರ್ ಸರಿಯಿರುವ ಎಂಜಿನ್ ಎರಡು ಮೂರು ಸೆಕೆಂಡಿನಲ್ಲಿ ಹತ್ತಿಕೊಳ್ಳುತ್ತದೆ. ಹತ್ತು ಸೆಕೆಂಡಿಗೂ ಹತ್ತದಿದ್ದರೆ ಕಾಲು ತೆಗೆದು ಅರ್ಧ ನಿಮಿಷವಾದರೂ ಮೋಟರನ್ನು ಆರಲು ಬಿಡಬೇಕು. ಅಷ್ಟರೊಳಗೆ ಪೆಟ್ರೋಲ್ ಬರುತ್ತಿದೆಯೇ, ಕಿಡಿ ಬೀಳುತ್ತಿದೆಯೇ ನೋಡುವುದು ವಾಸಿ.

ಬೆಂಡಿಕ್ಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕು. ಗ್ರೀಸ್ ಹಚ್ಚುವುದು ಪ್ರೀತಿಯಿಂದ ಮಾಡುವ ಕೆಡುಕು. ಕ್ಲಚ್ಚಿನ ದೂಳೆಲ್ಲ ಗ್ರೀಸಿಗೆ ಮೆತ್ತಿ ಗಟ್ಟಿಯಾಗಿ, ಮಳೆಗಾಲದ ಚಳಿಯ ಬೆಳಗಿನಲ್ಲಿ ಪಿನಿಯನ್ನು ಕದಲುವುದೇ ಇಲ್ಲ. ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಎಣ್ಣೆಯ ಒಂದು ಹನಿ ಸಾಕು.

ಎಲ್ಲ ಜೋಡಿಸಿದ ಮೇಲೆ ಗಾಡಿಗೆ ಏರಿಸುವ ಮುನ್ನ ವೈಸಿನಲ್ಲಿ ಬಿಗಿಯಾಗಿ ಕಚ್ಚಿಸಿ ಕರೆಂಟು ಕೊಟ್ಟು ನೋಡಬೇಕು. ಕೈಯಲ್ಲಿ ಹಿಡಿದು ನೋಡುವ ಸಾಹಸ ಬೇಡ, ಮೊದಲ ಏಟಿಗೇ ಅದು ಕೈ ತಿರುಚಿ ಹಾರುತ್ತದೆ. ಬ್ರಿಟಿಷ್ ಕಾರುಗಳ 12 ವೋಲ್ಟಿನ ಲ್ಯೂಕಸ್ ಸೆಲ್ಫ್ ಹೊರೆಯಿಲ್ಲದೆ ಓಡುವಾಗ ಸುಮಾರು 45 ಆಂಪಿಯರ್ ಎಳೆಯುತ್ತದೆ. ಅದಕ್ಕಿಂತ ತೀರ ಹೆಚ್ಚು ಎಳೆದರೆ ಒಳಗೆ ಇನ್ನೂ ಏನೋ ತಾಗುತ್ತಿದೆ. ಈ ಪರೀಕ್ಷೆ ಕೆಲವೇ ಸೆಕೆಂಡಿನದಾಗಿರಲಿ. ಹೊರೆಯಿಲ್ಲದ ಮೋಟರಿನ ವೇಗ ಏರುತ್ತಲೇ ಹೋಗುತ್ತದೆ.

ಎರಡೇ ಕಡೆ ಸವೆಯುವ ಹಲ್ಲು

ಸೆಲ್ಫ್ ಇಳಿಸಿದಾಗ ಸಿಗುವ ತೂತಿನೊಳಗೆ ಟಾರ್ಚ್ ಬಿಟ್ಟು ರಿಂಗ್ ಗೇರಿನ ಹಲ್ಲು ನೋಡಲು ಮರೆಯಬಾರದು. ಇನ್ನೊಬ್ಬರು ಹ್ಯಾಂಡಲಿನಿಂದ ಎಂಜಿನ್ನನ್ನು ನಿಧಾನ ತಿರುಗಿಸುತ್ತಿದ್ದರೆ ಹಲ್ಲುಗಳು ಒಂದೊಂದಾಗಿ ಕಣ್ಣ ಮುಂದೆ ಹಾದುಹೋಗುತ್ತವೆ. ಬಹುಪಾಲು ಹಲ್ಲುಗಳು ಹೊಸದರಂತೆ ಚೂಪಾಗಿರುತ್ತವೆ. ಒಂದು ಜಾಗ ಬಂದಾಗ ನಾಲ್ಕೈದು ಹಲ್ಲು ಮೊಂಡು. ಮತ್ತೆ ಚೂಪು. ಅರ್ಧ ಸುತ್ತು ಕಳೆದ ಮೇಲೆ ಮತ್ತೆ ನಾಲ್ಕೈದು ಮೊಂಡು.

ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಮಾಡಿದಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಯಾವುದಾದರೊಂದು ಸಿಲಿಂಡರಿನಲ್ಲಿ ಒತ್ತಿದ ಗಾಳಿ ಪಿಸ್ಟನ್ನನ್ನು ಹಿಂದಕ್ಕೆ ದೂಡುವುದರಿಂದ ಅರ್ಧ ದಾರಿಯ ಸುಮಾರಿಗೆ ಬಂದು ನಿಲ್ಲುತ್ತದೆ. ಅಂಥ ಜಾಗಗಳು ಫ್ಲೈವ್ಹೀಲಿನ ಸುತ್ತಿನಲ್ಲಿ ಎರಡೇ, ಒಂದಕ್ಕೊಂದು ಎದುರು. ಹಾಗಾಗಿ ವರ್ಷಾನುಗಟ್ಟಲೆ ಪ್ರತಿ ಬೆಳಗ್ಗೆ ಪಿನಿಯನ್ನು ಬಂದು ಬಡಿಯುವುದು ಅದೇ ಹಲ್ಲುಗಳಿಗೆ. ಕೆಲವು ದಿನ ಸೆಲ್ಫ್ ಸಲೀಸಾಗಿ ತಗೊಂಡು, ಕೆಲವು ದಿನ ಗರಗರ ಅರೆದು, ಗಾಡಿಯನ್ನು ಗೇರಿನಲ್ಲಿಟ್ಟು ಒಮ್ಮೆ ಅಲುಗಾಡಿಸಿದ ಮೇಲೆ ಮತ್ತೆ ಸರಿಯಾಗುವುದರ ಗುಟ್ಟು ಇದು. ಸೆಲ್ಫ್ ಬದಲಿಸಿದರೆ ಈ ರೋಗ ಹೋಗುವುದಿಲ್ಲ.

ರಿಂಗ್ ಗೇರನ್ನು ಫ್ಲೈವ್ಹೀಲಿಗೆ ಕಾಸಿ ಕೂರಿಸಿರುತ್ತಾರೆ, ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರರು ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದ ಹಾಗೆ. ಸುತ್ತಲೂ ಸಮವಾಗಿ ಸುಮಾರು 200 ಡಿಗ್ರಿಗೆ ಕಾಸಿದರೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ. ಕೆಂಪಗಾಗುವಷ್ಟು ಕಾಸಿದರೆ ಹಲ್ಲಿನ ಗಟ್ಟಿತನ ಹೋಗುತ್ತದೆ. ಹೊಸ ರಿಂಗ್ ಸಿಗದ ಗಾಡಿಗೆ ಹಳೆಯದನ್ನೇ ಕಾಲು ಸುತ್ತು ತಿರುಗಿಸಿ ಕೂರಿಸಬಹುದು. ಸವೆದ ಹಲ್ಲುಗಳು ಪಿನಿಯನ್ನು ಬಡಿಯದ ಜಾಗಕ್ಕೆ ಸರಿಯುತ್ತವೆ, ಚೂಪು ಹಲ್ಲುಗಳು ಕೆಲಸಕ್ಕೆ ಬರುತ್ತವೆ. ಗೇರ್‌ಬಾಕ್ಸ್ ಇಳಿಸಬೇಕಾದ್ದರಿಂದ ಶ್ರಮ ಹೆಚ್ಚು. ಕ್ಲಚ್ ಪ್ಲೇಟ್ ಬದಲಿಸಲು ಹೇಗೂ ಇಳಿಸಿದಾಗ ಇದನ್ನೂ ಮಾಡಿ ಮುಗಿಸುವುದು ಜಾಣತನ.

ಆರರ ಜಾಗಕ್ಕೆ ಹನ್ನೆರಡು

6 ವೋಲ್ಟಿನ ಜೀಪಿಗೆ 12 ವೋಲ್ಟಿನ ಬ್ಯಾಟರಿ ಇಟ್ಟು ಹಳೆಯ ಸೆಲ್ಫನ್ನೇ ಓಡಿಸುವವರಿದ್ದಾರೆ. ಓಡುತ್ತದೆ, ಭರ್ಜರಿಯಾಗಿಯೇ ಓಡುತ್ತದೆ. ಆದರೆ ಪಿನಿಯನ್ನು ರಿಂಗ್ ಗೇರಿಗೆ ಬಡಿಯುವ ರಭಸವೂ ಏರುತ್ತದೆ. ಬೆಂಡಿಕ್ಸ್ ಸ್ಪ್ರಿಂಗ್ ಮುರಿಯುವುದು, ಹಲ್ಲಿನ ಮೂಲೆ ಚಕ್ಕೆ ಏಳುವುದು ಇದರಿಂದ. 6 ವೋಲ್ಟಿನ ವ್ಯವಸ್ಥೆಯ ಮೇಲೆ ಇರುವ ಅಪವಾದಕ್ಕೆ ಮುಖ್ಯ ಕಾರಣ ತೆಳು ಕೇಬಲ್. 12 ವೋಲ್ಟಿನ ಕಾರಿಗೆಂದು ಮಾಡಿದ ಕೇಬಲನ್ನೇ ಅಂಗಡಿಯಿಂದ ತಂದು ಹಾಕಿರುತ್ತಾರೆ. ಬೆರಳು ದಪ್ಪದ ತಾಮ್ರದ ಕೇಬಲ್ ಹಾಕಿ ಅರ್ಥ್ ಚೊಕ್ಕಟ ಮಾಡಿದರೆ ಆ ಪುಟ್ಟ ಬ್ಯಾಟರಿಯೂ ಎಂಜಿನ್ನನ್ನು ನಿರಾಯಾಸವಾಗಿ ತಿರುಗಿಸುತ್ತದೆ.

ಬೇರೆಯದನ್ನೇ ಹಾಕುವುದಾದರೆ

ಫೀಲ್ಡ್ ಕಾಯಿಲ್ ಸುಟ್ಟು, ಕಮ್ಯುಟೇಟರ್ ತೀರ ಸವೆದು, ಡಬ್ಬಿ ಒಡೆದಿದ್ದರೆ ಬದಲಿಸದೆ ವಿಧಿಯಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೋ ಗುಜರಿಯಲ್ಲೋ ಅದೇ ಮಾದರಿಯ ಇನ್ನೊಂದು ಹಳೇ ಸೆಲ್ಫ್ ಹುಡುಕುವುದು ಮೊದಲ ದಾರಿ. ಎರಡು ಸತ್ತ ಮೋಟರ್‌ಗಳಿಂದ ಒಂದು ಜೀವಂತ ಮೋಟರ್ ಮಾಡುವ ಕೈಗಳು ನಮ್ಮ ಸಣ್ಣ ಊರುಗಳ ಆಟೊ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಇನ್ನೂ ಇವೆ. ಹಳೆಯ ಅಂಬಾಸಿಡರ್‌ಗಳ ಸೆಲ್ಫ್ ಬಿಚ್ಚಿ ಕಟ್ಟುತ್ತಲೇ ಬೆಳೆದ ಕೈಗಳು ಅವು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆ ಕೈಗಳಿಗೆ ಕೆಲಸ ಕೊಡುತ್ತಲೇ ಇರುವುದು ನಮ್ಮ ಹೊಣೆ ಎಂದು ನಾನು ನಂಬಿದ್ದೇನೆ. ಕೆಲಸವಿಲ್ಲದಿದ್ದರೆ ವಿದ್ಯೆಯೂ ಉಳಿಯುವುದಿಲ್ಲ.

ಕೊಳ್ಳುವಾಗ ಹಲ್ಲು ಎಣಿಸಲೇಬೇಕು. ಹೊರಗಿನಿಂದ ಒಂದೇ ಥರ ಕಾಣುವ ಜೀಪ್ ಎಂಜಿನ್‌ಗಳಲ್ಲೇ 97 ಹಲ್ಲಿನ ರಿಂಗ್ ಗೇರೂ ಇದೆ, 129 ಹಲ್ಲಿನದೂ ಇದೆ. ಒಂದರ ಪಿನಿಯನ್ನು ಇನ್ನೊಂದಕ್ಕೆ ಹೊಂದುವುದಿಲ್ಲ. ಹೊಂದದ್ದನ್ನು ಹೇಗೋ ಕೂರಿಸಿ ಓಡಿಸಿದರೆ ಎರಡರ ಹಲ್ಲೂ ಹಾಳು. ಹಳೆಯ ಮೋಟರ್ ಪಕ್ಕದಲ್ಲಿಟ್ಟು ತಿರುಗುವ ದಿಕ್ಕು, ಮೂತಿಯ ಉದ್ದ, ಬೋಲ್ಟ್ ತೂತುಗಳ ಅಂತರ ಹೋಲಿಸಿ ನೋಡಬೇಕು.

ಈಚೆಗೆ ಒಳಗೇ ಗೇರು ಇರುವ ಪುಟ್ಟ ಸೆಲ್ಫ್‌ಗಳನ್ನು ಹಳೆಯ ಗಾಡಿಗಳಿಗೆ ಹೊಂದಿಸುವುದು ಹೆಚ್ಚಾಗಿದೆ. ಮೋಟರ್ ಚಿಕ್ಕದು, ವೇಗವಾಗಿ ತಿರುಗುತ್ತದೆ. ಗೇರು ಆ ವೇಗವನ್ನು ಇಳಿಸಿ ಬಲವಾಗಿ ಬದಲಿಸುತ್ತದೆ. ಕರೆಂಟು ಕಡಿಮೆ ಸಾಕು, ಎಂಜಿನ್ ಚುರುಕಾಗಿ ತಿರುಗುತ್ತದೆ. ದಿನವೂ ಗಾಡಿ ಓಡಿಸಬೇಕಾದ ತೋಟದವರು ಇದನ್ನು ಹಾಕಿಸಿಕೊಂಡರೆ ತಪ್ಪು ಹುಡುಕಲಾರೆ. ಒಂದು ಎಚ್ಚರ ಮಾತ್ರ ಬೇಕು. ಅರವತ್ತರ ದಶಕದವರೆಗಿನ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಂಬ ಚಾಸಿಗೆ ಅರ್ಥ್ ಆಗಿರುತ್ತದೆ. ಹಳೆಯ ಸೆಲ್ಫಿಗೆ ಅದರಿಂದ ಬಾಧೆಯಿಲ್ಲ. ಪಾಸಿಟಿವ್, ನೆಗೆಟಿವ್ ಅದಲು ಬದಲಾದರೆ ಫೀಲ್ಡ್ ಮತ್ತು ಆರ್ಮೇಚರ್ ಎರಡರ ಅಯಸ್ಕಾಂತವೂ ತಿರುಗುಮುರುಗಾಗಿ ಮೋಟರ್ ಅದೇ ದಿಕ್ಕಿಗೆ ತಿರುಗುತ್ತದೆ. ಕಾಯಂ ಅಯಸ್ಕಾಂತವಿರುವ ಹೊಸ ಮೋಟರ್ ಹಾಗಲ್ಲ, ಉಲ್ಟಾ ತಿರುಗುತ್ತದೆ. ಕಾರಿನ ಅರ್ಥ್ ಯಾವುದೆಂದು ನೋಡದೆ ಇದನ್ನು ಜೋಡಿಸಬಾರದು.

ಇನ್ನು ಕಾನೂನು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿಸಿಕೊಂಡ ಗಾಡಿಗಳಿಗೆ ‘ವಿಎ’ ಅಕ್ಷರಗಳಿರುವ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಚಾಸಿ, ಬಾಡಿ ಅಥವಾ ಎಂಜಿನ್ನನ್ನು ಮಾರ್ಪಡಿಸಿದ್ದರೆ ಆ ಮಾನ್ಯತೆಗೆ ತೊಡಕು. ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಸೆಲ್ಫ್ ಆ ಸಾಲಿನಲ್ಲಿ ಬರುವುದಿಲ್ಲ. ಆದರೆ ಹೊಸ ಸೆಲ್ಫ್ ಕೂರಿಸಲೆಂದು ಫ್ಲೈವ್ಹೀಲನ್ನು ಮುಚ್ಚಿರುವ ಬೆಲ್ ಹೌಸಿಂಗ್ ಕೊರೆಯುವುದು, ಚಾಸಿಯ ಅಂಚು ಕತ್ತರಿಸುವುದು ಬೇರೆಯೇ ಮಾತು. ಅಂಥ ಕೆಲಸಕ್ಕೆ ಕೈ ಹಾಕದೆ, ಇದ್ದ ತೂತುಗಳಿಗೇ ಹೊಂದುವ ಮೋಟರನ್ನು ಹುಡುಕಬೇಕು.

ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯದಂಥ ಕಡೆ ಹೋದವರು ಹೊಳೆಯುವ ಬಾಡಿ, ಕ್ರೋಮ್ ಬಂಪರ್ ನೋಡುವುದರ ಜೊತೆಗೆ ಒಮ್ಮೆ ಬಗ್ಗಿ ಹ್ಯಾಂಡಲಿನ ತೂತು, ಕಾಲ ಬಳಿಯ ಸ್ಟಾರ್ಟರ್ ಗುಂಡಿ ಎಲ್ಲಿದೆ ಎಂದು ಹುಡುಕಿದರೆ ಆ ಗಾಡಿಯ ಕಾಲ ಗೊತ್ತಾಗುತ್ತದೆ. ಮನೆಯಲ್ಲೇ ಹಳೇ ಗಾಡಿ ಇರುವವರು ಹೊಸ ಸೆಲ್ಫ್ ಹಾಕಿಸಿದ ದಿನ ಹಳೆಯದನ್ನು ಮೆಕ್ಯಾನಿಕ್ ಅಂಗಡಿಯಲ್ಲಿ ಬಿಟ್ಟುಬರಬಾರದು. ಅದರ ಬೋಲ್ಟ್, ವಾಷರ್, ಬೆಂಡಿಕ್ಸಿನ ಸಮೇತ ತಂದು, ಒಣ ಬಟ್ಟೆಯಲ್ಲಿ ಸುತ್ತಿ, ಯಾವ ಗಾಡಿಯದು ಎಂದು ಚೀಟಿ ಬರೆದು ಕಟ್ಟಿ, ತೇವ ತಾಗದ ಅಟ್ಟದ ಮೇಲೆ ಇಡಬೇಕು. ಗಾಡಿ ಮಾರುವಾಗ ಅದನ್ನೂ ಜೊತೆಗೆ ಕೊಡಬೇಕು.